ಅರವತ್ನಾಲ್ಕು ಪ್ಲಾಟು, ಒಂಬತ್ತು ಮನೆ

ತಿಂಗಳ ಐದನೇ ತಾರೀಖು ರಾತ್ರಿ ಊಟ ಮುಗಿಸಿ ನಾನು ಲ್ಯಾಪ್‌ಟಾಪ್ ತೆರೆದರೆ ಹೆಂಡತಿ ಕೇಳುವುದು ಒಂದೇ ಪ್ರಶ್ನೆ: “ಆಫೀಸಿಂದೋ, ಸಾಲಗಾರರದೋ?” ಸಾಲಗಾರರು ಅಂದರೆ ನಮ್ಮ ಪ್ಲಾಟುಗಳ ಸಂಘದ ಸದಸ್ಯರು. ಪುಣೆಯಿಂದ ಹಳೆಯ ಮುಂಬೈ ಹೆದ್ದಾರಿಯಲ್ಲಿ ಹೋಗಿ, ಕಾಮಶೇಟ್ ಹತ್ತಿರ ಒಳಗೆ ತಿರುಗಿ ಹನ್ನೆರಡು ಕಿಲೋಮೀಟರ್ ಹೋದರೆ ಅರವತ್ನಾಲ್ಕು ವೀಕೆಂಡ್ ಪ್ಲಾಟುಗಳ ಒಂದು ಲೇಔಟ್ ಇದೆ. ಅದರಲ್ಲಿ ಮೂರು ಗುಂಟೆ ನನ್ನದು, ಪ್ಲಾಟ್ ನಂಬರ್ 37. ಸಂಘದ ಖಜಾಂಚಿಯೂ ನಾನೇ. ಎಕ್ಸೆಲ್ ಬರುತ್ತದೆ ಎನ್ನುವ ಒಂದೇ ಅರ್ಹತೆಯ ಮೇಲೆ ಮೂರು ವರ್ಷದ ಹಿಂದೆ ಆರಿಸಿದರು. ಬೇರೆ ಯಾರೂ ಕೈ ಎತ್ತಲಿಲ್ಲ ಅನ್ನುವುದು ಎರಡನೇ ಅರ್ಹತೆ.

ಕೊಂಡದ್ದು 2013ರಲ್ಲಿ, ಜುಲೈ ತಿಂಗಳಲ್ಲಿ. ಮಾವಳದಲ್ಲಿ ಜುಲೈ ತಿಂಗಳಲ್ಲಿ ಬರೀ ಬಂಡೆ ತೋರಿಸಿದರೂ ಜನ ಅಡ್ವಾನ್ಸ್ ಕೊಟ್ಟು ಬರುತ್ತಾರೆ. ಗುಡ್ಡದ ತುಂಬ ಝರಿ, ಕೆಳಗೆ ಭತ್ತದ ಹಸಿರು, ಮಂಜು. ಬಿಲ್ಡರ್ ಭಾನುವಾರ ಬಸ್ಸು ಮಾಡಿ ಕರೆದುಕೊಂಡು ಹೋಗಿ ಪಿಠಲೆ, ಭಾಕ್ರಿ ಊಟ ಹಾಕಿದ. ಕ್ಲಬ್‌ಹೌಸ್, ಈಜುಕೊಳ, ಪ್ರತಿ ಪ್ಲಾಟಿಗೆ ಎರಡು ಮಾವಿನ ಗಿಡ, ಎಲ್ಲ ಕಾಗದದ ಮೇಲೆ ಬಣ್ಣ ಬಣ್ಣವಾಗಿ ಇದ್ದವು. ಹನ್ನೊಂದು ಲಕ್ಷ. ನನ್ನ ಹತ್ತಿರ ಏಳಿತ್ತು. ಉಳಿದ ನಾಲ್ಕು, ಹಾವೇರಿ ಜಿಲ್ಲೆಯ ಹಳ್ಳಿಯಲ್ಲಿ ಮಾಸ್ತರಾಗಿ ನಿವೃತ್ತರಾಗಿದ್ದ ಅಪ್ಪನ ಗ್ರಾಚ್ಯುಟಿಯಿಂದ ಬಂತು. ಅಕ್ಕನ ಮದುವೆಗೆ ಊರಿನ ಹೊಲ ಮಾರಿದ ಮೇಲೆ ಅಪ್ಪನಿಗೆ ಒಂದು ಕೊರಗಿತ್ತು. “ಫ್ಲಾಟ್ ಅಂದ್ರ ಗಾಳ್ಯಾಗಿನ ಮನಿ. ನಿನ್ನ ಹೆಸರಿಗೆ ಒಂದಿಷ್ಟು ಮಣ್ಣು ಇರ್ಲಿ” ಅಂದರು. ನಮ್ಮ ಕಡೆಯ ಪಹಣಿ ಇಲ್ಲಿ ಸಾತ್‌ಬಾರಾ ಆಗುತ್ತದೆ. ಅದರಲ್ಲಿ ನನ್ನ ಹೆಸರು ಮರಾಠಿಯಲ್ಲಿ ಬಂದ ದಿನ ಒಂದು ಝೆರಾಕ್ಸ್ ತರಿಸಿಕೊಂಡು ದೇವರ ಗೂಡಿನಲ್ಲಿಟ್ಟರು. ಗುಂಟೆಯ ಲೆಕ್ಕ ಎರಡೂ ಕಡೆ ಒಂದೇ, ನಲವತ್ತಕ್ಕೆ ಎಕರೆ. ಅವರಿಗೆ ಅದೇ ದೊಡ್ಡ ಸಮಾಧಾನ.

ಹನ್ನೊಂದು ವರ್ಷದ ಮೇಲೆ ಅಲ್ಲಿರುವುದು ಒಂಬತ್ತು ಮನೆ. ಕ್ಲಬ್‌ಹೌಸಿಗೆ ಚಾವಣಿ ಇದೆ, ಬಾಗಿಲಿಲ್ಲ. ಈಜುಕೊಳದಲ್ಲಿ ಮಳೆಗಾಲಕ್ಕೆ ಕಪ್ಪೆಗಳು, ಬೇಸಿಗೆಗೆ ಒಣ ಎಲೆ. ಉಳಿದ ಐವತ್ತೈದು ಪ್ಲಾಟುಗಳಲ್ಲಿ ಆಳೆತ್ತರ ಹುಲ್ಲು. ಫೆಬ್ರವರಿ ಬಂತೆಂದರೆ ಆ ಹುಲ್ಲು ಗರಿಗರಿ ಒಣಗಿ, ಎಲ್ಲಿಂದಲೋ ಒಂದು ಕಿಡಿ ಬಂದರೆ ಗುಡ್ಡದವರೆಗೂ ಹತ್ತಿಕೊಳ್ಳುತ್ತದೆ. ಇಲ್ಲಿಯವರು ಅದಕ್ಕೆ ವಣವಾ ಅನ್ನುತ್ತಾರೆ. ಮಾವಿನ ಗಿಡಗಳು ಸುಟ್ಟದ್ದು ಹಾಗೆ.

ಇದು ಹೇಗಾಯಿತು ಅಂತ ಸ್ನೇಹಿತರು ಕೇಳುತ್ತಾರೆ. ಬಿಲ್ಡರ್ ಓಡಿಹೋದನಾ? ಓಡಿಹೋಗಲಿಲ್ಲ, ಫೋನ್ ಎತ್ತುವುದು ನಿಲ್ಲಿಸಿದ, ಅಷ್ಟೇ. ಒಳರಸ್ತೆಗಳ ಮತ್ತು ಖುಲ್ಲಾ ಜಾಗದ ಸಾತ್‌ಬಾರಾ ಇವತ್ತಿಗೂ ಸಂಘದ ಹೆಸರಿಗೆ ಆಗಿಲ್ಲ. ನಾವು ಕೊಂಡಾಗ ರೇರಾ ಕಾಯಿದೆಯೂ ಇರಲಿಲ್ಲ, ಅದು ಬಂದದ್ದು 2016ರಲ್ಲಿ. ಆದರೆ ಲೇಔಟನ್ನು ನಿಜವಾಗಿ ಕೆಡವಿದ್ದು ಬಿಲ್ಡರ್ ಅಲ್ಲ, ನಾವು. ತಿಂಗಳಿಗೆ 1,500 ರೂಪಾಯಿ ಮೇಂಟೆನೆನ್ಸ್. ಎಲ್ಲರೂ ಕೊಟ್ಟರೆ 96,000 ಆಗಬೇಕು. ಮೊದಲು ನಾಲ್ಕು ಜನ, “ನಾವು ಬರುವುದೇ ಇಲ್ಲ, ಯಾಕೆ ಕೊಡಬೇಕು?” ಅಂದರು. ಬೀದಿದೀಪ ಅರ್ಧಕ್ಕೆ ಇಳಿಯಿತು. ದೀಪವಿಲ್ಲ ಅಂತ ಇನ್ನು ಹತ್ತು ಜನ ನಿಲ್ಲಿಸಿದರು. ಹುಲ್ಲು ಕೊಯ್ಯಿಸುವುದು ನಿಂತಿತು. ಹುಲ್ಲಿದೆ, ಹಾವಿದೆ ಅಂತ ಮತ್ತಷ್ಟು ಜನ. ಈಗ ತಪ್ಪದೆ ಕೊಡುವವರು ಹದಿಮೂರು, ನೆನಪಾದಾಗ ಕೊಡುವವರು ಆರು. ಖಾತ್ರಿ ಬರುವುದು 19,500, ಖರ್ಚು 25,000. ಎಕ್ಸೆಲ್‌ನಲ್ಲಿ ಬಾಕಿಯ ಕಾಲಮ್ಮಿನ ಕೆಳಗೆ 31 ಲಕ್ಷ ಅಂತ ಬರುತ್ತದೆ. ಆ ಸಂಖ್ಯೆ ನೋಡಿದರೆ ನಾವು ಶ್ರೀಮಂತರು.

ಕಾನೂನು ಇಲ್ಲ ಅಂತಲ್ಲ. ಬಾಕಿಗೆ ಬಡ್ಡಿ ಹಾಕಬಹುದು. 1960ರ ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯಿದೆಯಡಿ ರಿಜಿಸ್ಟ್ರಾರರಿಂದ ವಸೂಲಿ ಪತ್ರ ತಂದು ಜಪ್ತಿಯವರೆಗೂ ಹೋಗಬಹುದು. ವಕೀಲರ ಹತ್ತಿರ ಹೋಗಿ ಕೂತಾಗ ಅವರು ಎಲ್ಲ ಕೇಳಿ, ಚಹಾ ಕುಡಿದು, “ಜಪ್ತಿ ಮಾಡಿ ಯಾರಿಗೆ ಮಾರ್ತೀರಿ?” ಅಂದರು. ಫೀಸು ತೆಗೆದುಕೊಳ್ಳಲಿಲ್ಲ. ಅದೇ ನಮಗೆ ಉತ್ತರ.

ಇಂಥದ್ದು ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದೆ. ಆಮೇಲೆ ನೆನಪಾಯಿತು. ಪ್ರಾಜೆಕ್ಟಿನ ಮೇಲೆ ಆರು ತಿಂಗಳು ಅರಿಜೋನಾದಲ್ಲಿದ್ದಾಗ ಕ್ಲೈಂಟ್ ಕಡೆಯ ಹಿರಿಯರೊಬ್ಬರು ತಮ್ಮ ಆರ್‌ವಿ ಪಾರ್ಕಿಗೆ ಕರೆದುಕೊಂಡು ಹೋಗಿದ್ದರು. ಆರ್‌ವಿ ಅಂದರೆ ಚಕ್ರದ ಮೇಲಿನ ಮನೆ. ಅಡುಗೆ, ಹಾಸಿಗೆ, ಬಚ್ಚಲು ಎಲ್ಲ ಒಳಗೇ. ಚಳಿಗಾಲದಲ್ಲಿ ಉತ್ತರದ ರಾಜ್ಯಗಳಿಂದ, ಕೆನಡಾದಿಂದ ನಿವೃತ್ತರು ಇಂಥ ಗಾಡಿಗಳಲ್ಲಿ ಬಿಸಿಲು ಹುಡುಕಿ ಅಲ್ಲಿಗೆ ಬರುತ್ತಾರೆ, ಹಿಮಹಕ್ಕಿಗಳು ಅಂತಲೇ ಅವರಿಗೆ ಹೆಸರು. ಹೆಚ್ಚಿನ ಪಾರ್ಕುಗಳಲ್ಲಿ ಜಾಗ ಬಾಡಿಗೆಗೆ. ಇವರದರಲ್ಲಿ ಗಾಡಿ ನಿಲ್ಲಿಸುವ ತುಂಡು ನೆಲವನ್ನೇ ಕ್ರಯಕ್ಕೆ ಕೊಂಡದ್ದು. ನೀರು, ಕರೆಂಟು, ಒಳಚರಂಡಿಯ ಜೋಡಣೆ, ಒಂದು ಸಿಮೆಂಟ್ ಕಟ್ಟೆ, ಸಂಘಕ್ಕೆ ತಿಂಗಳ ಹಣ. ಅಕ್ಕಪಕ್ಕದ ಮುದುಕರು ಒಬ್ಬೊಬ್ಬರೇ ಗಾಡಿ ಓಡಿಸುವುದು ಬಿಟ್ಟರು, ಕೆಲವರು ತೀರಿಕೊಂಡರು. ಮಕ್ಕಳಿಗೆ ಆ ನೆಲ ಬೇಡ, ಆದರೆ ಹೆಸರಿಗೆ ಬಂದ ಮೇಲೆ ಹಣ ಕಟ್ಟುವುದು ತಪ್ಪಲಿಲ್ಲ. ಅರ್ಧ ಕಟ್ಟೆಗಳು ಖಾಲಿ, ಕಟ್ಟುವವರ ಪಾಲು ಪ್ರತಿ ವರ್ಷ ಏರಿಕೆ. ಅವರು ತಮ್ಮ ಕಟ್ಟೆಯನ್ನು ದಿನಾ ಗುಡಿಸುತ್ತಿದ್ದರು. ಅಮೆರಿಕದವರಿಗೂ ಇದೆಂಥ ಹುಚ್ಚು ಅಂತ ಆಗ ಮನಸ್ಸಿನಲ್ಲೇ ನಕ್ಕಿದ್ದೆ. ನನ್ನದೇ ಪ್ಲಾಟು ಆಗಲೇ ಮಾವಳದಲ್ಲಿ ಹುಲ್ಲು ಬೆಳೆಸಿಕೊಳ್ಳುತ್ತಿತ್ತು.

ನನ್ನ ಪ್ಲಾಟಿನದು ಇನ್ನೊಂದು ಕತೆ. 2019ರ ಮಳೆಗಾಲದಲ್ಲಿ ಕಂಪೌಂಡ್ ಗೋಡೆ ಬಿತ್ತು. ಮರುವರ್ಷ ಕಟ್ಟಿಸಿದೆ, ಮತ್ತೆ ಅದೇ ಜಾಗದಲ್ಲಿ ಬಿತ್ತು. ಮೇಸ್ತ್ರಿಯನ್ನು ಬೈದೆ. ಆಗ ಎಮ್ಮೆ ಮೇಯಿಸುತ್ತಿದ್ದ ಮುದುಕನೊಬ್ಬ ಬಂದು ಕೋಲಿನಿಂದ ನೆಲ ತೋರಿಸಿದ. ಆ ಇಡೀ ಜಮೀನು ಮೊದಲು ಅವನ ಮನೆತನದ್ದು, ಇಂದ್ರಾಯಣಿ ಅಕ್ಕಿ ಬೆಳೆಯುತ್ತಿದ್ದ ಗದ್ದೆ. ಬಿಲ್ಡರ್ ಜೆಸಿಬಿ ತಂದು ಮಟ್ಟ ಮಾಡಿ ಚೌಕ ಚೌಕ ಕಲ್ಲು ನೆಟ್ಟ. ಆದರೆ ಹುಲ್ಲಿನ ಕೆಳಗೆ ಹಳೆಯ ಬದುಗಳು ಇನ್ನೂ ಮಸುಕಾಗಿ ಕಾಣುತ್ತವೆ. ಮೇಲಿನ ಗದ್ದೆಯಿಂದ ಕೆಳಗಿನದಕ್ಕೆ ನೀರು ಬಿಡಲು ಅವನ ಅಜ್ಜ ಎಲ್ಲಿ ಬದು ಕಡಿದಿದ್ದನೋ ಸರಿಯಾಗಿ ಅಲ್ಲಿಯೇ ನನ್ನ ಗೋಡೆ ಬಿದ್ದದ್ದು. 37ನೇ ನಂಬರು ಎಲ್ಲಕ್ಕಿಂತ ಕೆಳಗಿನ ಗದ್ದೆ. ನೀರು ಕೊನೆಯವರೆಗೂ ನಿಲ್ಲುತ್ತಿದ್ದದ್ದು ಅದರಲ್ಲೇ, ಒಳ್ಳೆಯ ಬೆಳೆಯೂ ಅದರಲ್ಲೇ ಅಂತೆ. ನಿಮಗೆ ಚೆನ್ನಾಗಿರೋದೇ ಸಿಕ್ಕಿದೆ ಅಂದ, ತಮಾಷೆ ಮಾಡದೆ. ಮನೆ ಕಟ್ಟಲು ಮಾತ್ರ ಅದರಷ್ಟು ಕೆಟ್ಟ ಜಾಗ ಇಡೀ ಲೇಔಟಿನಲ್ಲಿಲ್ಲ. ಪ್ಲಾಟು ಕೊಳ್ಳುವವರು ಯಾರಾದರೂ ಈಗ ನನ್ನನ್ನು ಕೇಳಿದರೆ, ಒಂದು ಸಲ ಜುಲೈಯಲ್ಲಿ, ಇನ್ನೊಂದು ಸಲ ಏಪ್ರಿಲ್‌ನಲ್ಲಿ ನೋಡಿ, ಮೊದಲು ಅಲ್ಲಿ ಉಳುತ್ತಿದ್ದವನನ್ನು ಹುಡುಕಿ ಮಾತಾಡಿ ಅನ್ನುತ್ತೇನೆ. ಯಾರೂ ಕೇಳುವುದಿಲ್ಲ, ಆ ಮಾತು ಬೇರೆ.

ಮಾರಲು ಒಂದು ಅವಕಾಶ ಬಂದಿತ್ತು. 2020ರಲ್ಲಿ ಎಲ್ಲರಿಗೂ ಊರಾಚೆ ಮನೆ ಬೇಕಾಯಿತು. ಸರಕಾರ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಮುದ್ರಾಂಕ ಶುಲ್ಕ ಶೇಕಡಾ 5ರಿಂದ 2ಕ್ಕೆ ಇಳಿಸಿತು. ನಾಲ್ಕು ಜನ ಫೋನ್ ಮಾಡಿದರು. ರೇಟು ಇನ್ನೂ ಏರುತ್ತದೆ ಅಂತ ನಾನು ಕೂತೆ.

ಇನ್ನು ಕಾವಲುಗಾರ. ಅಫಜಲಪುರ ತಾಲ್ಲೂಕಿನವನು. ಗಂಡ ಹೆಂಡತಿ ಇಬ್ಬರೂ ಪುಣೆಗೆ ಕಟ್ಟಡದ ಕೆಲಸಕ್ಕೆ ಬಂದವರು, ಎಂಟು ವರ್ಷದಿಂದ ಗೇಟಿನ ಪಕ್ಕದ ಪತ್ರಾಸಿನ ಖೋಲಿಯಲ್ಲಿದ್ದಾರೆ. ಮಗಳು ಜಿಲ್ಲಾ ಪರಿಷತ್ ಶಾಲೆಯಲ್ಲಿ ಐದನೇ ಇಯತ್ತೆ. ಮನೆಯಲ್ಲಿ ಕನ್ನಡ ಮಾತಾಡಿ ಮರಾಠಿಯಲ್ಲಿ ಬರೆಯುತ್ತಾಳೆ. ಮೊದಲ ದಿನ ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ, “ಸರ, ನೀವು ನಮ್ಮ ಕಡೇಯವ್ರೇನ್ರಿ?” ಅಂತ ಓಡಿ ಬಂದಿದ್ದ. ಹದಿನೈದು ಸಾವಿರ ಪಗಾರ. ಹಣ ಸಾಲದ ತಿಂಗಳು ಎಂಟೋ ಹತ್ತೋ ಕೊಟ್ಟು, ಉಳಿದದ್ದು ಮುಂದಿನ ತಿಂಗಳು ಅನ್ನುತ್ತೇನೆ. ಕಳೆದ ಜನವರಿಗೆ ಅವನ ಬಾಕಿ 42,000. ನನ್ನ ಎಕ್ಸೆಲ್‌ನಲ್ಲಿ ಅದು ಬಣ್ಣವಿಲ್ಲದ ಒಂದು ಸಾಲು. ಸದಸ್ಯರ ಬಾಕಿಗೆ ಮಾತ್ರ ಕೆಂಪು ಬಣ್ಣ ಹಾಕಿದ್ದೆ.

ಜನವರಿಯಲ್ಲಿ ಅಪ್ಪ ಬಂದರು. ಪ್ರತಿ ಸಲ ಫೋನಿನಲ್ಲಿ “ಜಾಗಾ ಹೆಂಗೈತಿ?” ಅಂತ ಕೇಳುತ್ತಿದ್ದರು, ನಾನು “ಛಲೋ ಐತಿ” ಅನ್ನುತ್ತಿದ್ದೆ. ಈ ಸಲ ನೋಡಲೇಬೇಕು ಅಂದರು. ದಾರಿಯಲ್ಲಿ ಹೇಳಬೇಕು, ಹೇಳಬೇಕು ಅಂದುಕೊಂಡು ಕಾಮಶೇಟ್ ಬಂತು. ಗೇಟು ದಾಟಿ ಹುಲ್ಲಿನ ನಡುವೆ ನಡೆದು, ಬಿದ್ದ ಗೋಡೆಯ ಇಟ್ಟಿಗೆ ರಾಶಿಯ ಮುಂದೆ ನಿಂತರು. ಏನೂ ಅನ್ನಲಿಲ್ಲ. ಬಗ್ಗಿ ಒಂದು ಹೆಂಟೆ ಎತ್ತಿ ಪುಡಿ ಮಾಡಿ ನೋಡಿದರು. ಆಮೇಲೆ ಕಾವಲುಗಾರನ ಖೋಲಿಯ ಮುಂದೆ ಹೊರಸಿನ ಮೇಲೆ ಕೂತು ಎರಡು ತಾಸು ಮಾತಾಡಿದರು: ಭೀಮಾ ನದಿ, ಜೋಳ, ತೊಗರಿ, ಅವನ ಊರಿನ ಶಾಲೆ. ಅವನ ಮಗಳಿಗೆ ಮರಳಿನ ಮೇಲೆ ಬೆರಳಿನಿಂದ ಅ, ಆ, ಇ, ಈ ಬರೆದು ತೋರಿಸಿದರು. ಮಾಸ್ತರಿಕೆ ಎಲ್ಲಿ ಹೋಗುತ್ತದೆ. ಆ ಹೆಣ್ಣುಮಗಳು ಭಾಕ್ರಿ, ಶೇಂಗಾ ಚಟ್ನಿ ಕೊಟ್ಟಳು.

ವಾಪಸು ಬರುವಾಗ ತಳೇಗಾಂವ್ ದಾಟುವವರೆಗೂ ಅಪ್ಪ ಮಾತಾಡಲಿಲ್ಲ. ಆಮೇಲೆ, “ನಮ್ಮ ರೊಕ್ಕದ ಮಾತು ಬಿಡು. ಅವಂದು ಎಷ್ಟು ಕೊಡೂದೈತಿ?”

ಹೇಳಿದೆ.

“ಖಜಾಂಚಿ ನೀನ ಹೌದಲ್ಲೊ?”

ಮರುದಿನ 42,000 ನನ್ನ ಖಾತೆಯಿಂದ ಕಳಿಸಿದೆ. ಎಕ್ಸೆಲ್‌ನಲ್ಲಿ ‘ಖಜಾಂಚಿಯ ಮುಂಗಡ’ ಅಂತ ಬರೆದೆ. ಹೆಂಡತಿ ಅದನ್ನು ಓದಿ, “ಈಗ ನೀವೂ ಸಾಲಗಾರರ ಲಿಸ್ಟಿನಲ್ಲಿ, ಉಲ್ಟಾ” ಅಂದಳು.

ಈಗಿನ ವಿಷಯ ಇದು. ಒಬ್ಬ ಏಜೆಂಟ್ 37ಕ್ಕೆ ಒಂಬತ್ತು ಲಕ್ಷ ಅಂದಿದ್ದಾನೆ. ಕೊಂಡದ್ದಕ್ಕಿಂತ ಎರಡು ಕಡಿಮೆ, ಬಡ್ಡಿಯ ಲೆಕ್ಕ ಹಾಕುವುದೇ ಬೇಡ. ಯಾರಿಗಾಗಿ ಕೊಳ್ಳುತ್ತಿದ್ದಾನೋ ಹೇಳುವುದಿಲ್ಲ. ತಿಂಗಳ ಕೊನೆಯೊಳಗೆ ಉತ್ತರ ಬೇಕಂತೆ. ಮಾರಬೇಕಾದರೆ ಸಂಘದಿಂದ ಬಾಕಿ ಇಲ್ಲ ಎನ್ನುವ ಪತ್ರ ಬೇಕು, ಅದಕ್ಕೆ ಸಹಿ ಹಾಕುವವನು ನಾನೇ. ನಾನು ಹೋದರೆ ತಪ್ಪದೆ ಕೊಡುವವರು ಹನ್ನೆರಡು. ಎಕ್ಸೆಲ್ ಬರುವವರು ಅವರಲ್ಲಿ ಇನ್ನೊಬ್ಬರಿದ್ದಾರೆ, ಆದರೆ ಅವರಿಗೆ ಎಪ್ಪತ್ತಾರು ವರ್ಷ. ಅಪ್ಪನಿಗೆ ಫೋನಿನಲ್ಲಿ ಹೇಳಿದೆ. “ನಿನ್ನ ಜಾಗಾ, ನಿನ್ನ ಲೆಕ್ಕ” ಅಂದರು. ದೇವರ ಗೂಡಿನ ಝೆರಾಕ್ಸ್ ತೆಗೆದಿದ್ದಾರೋ ಇಲ್ಲವೋ ಕೇಳಲು ಧೈರ್ಯವಾಗಲಿಲ್ಲ.

ಹೋದ ವಾರ ಬೋರಿನ ಮೋಟಾರು ಸುಟ್ಟಿದೆ. ಒಂಬತ್ತು ಮನೆಗೂ ಖೋಲಿಗೂ ನೀರಿಲ್ಲ, ಕಾವಲುಗಾರನ ಹೆಂಡತಿ ಊರ ಬಾವಿಯಿಂದ ಹೊತ್ತು ತರುತ್ತಿದ್ದಾಳೆ. ಈ ಭಾನುವಾರ ಹತ್ತೂವರೆಗೆ ಸಾಮಾನ್ಯ ಸಭೆ ಕರೆದಿದ್ದೇವೆ. ಕೋರಂಗೆ ಇಪ್ಪತ್ತು ಜನ ಬೇಕು, ಆಗುವುದಿಲ್ಲ. ಅರ್ಧ ಗಂಟೆ ಕಾದು, ಸಭೆ ಮುಂದೂಡಿ, ಹನ್ನೊಂದಕ್ಕೆ ಮತ್ತೆ ಅಲ್ಲೇ ಕೂತು, ಬಂದವರೇ ತೀರ್ಮಾನ ಮಾಡುತ್ತೇವೆ. ರಿವೈಂಡಿಂಗ್‌ಗೆ 14,000, ಹೊಸದಕ್ಕೆ 52,000. ಎರಡೂ ಕೊಟೇಶನ್ ಬ್ಯಾಗಿನಲ್ಲಿವೆ. ಏಜೆಂಟನ ನಂಬರೂ ಅದೇ ಕಾಗದದ ಹಿಂದೆ ಬರೆದಿಟ್ಟಿದ್ದೇನೆ.