ಸಣ್ಣ ಕಾರಿಗೆ ಟರ್ಬೊ ಬೇಕೆ?

ಒಂದು ಲೀಟರಿನ ಎಂಜಿನಿಗೆ ಟರ್ಬೊಚಾರ್ಜರನ್ನು ಜೋಡಿಸಿ, ದೊಡ್ಡ ಕಾರಿನ ಕಸುವನ್ನು ಸಣ್ಣ ಹ್ಯಾಚ್‌ಬ್ಯಾಕಿಗೆ ತುಂಬುವ ಪದ್ಧತಿ ನಮ್ಮ ರಸ್ತೆಗಳಿಗೆ ಹಿತವೆ, ಅಹಿತವೆ? ಇಬ್ಬರು ಮಿತ್ರರು ಅಂಥದೊಂದು ಕಾರನ್ನು ಸರದಿಯಂತೆ ಓಡಿಸುತ್ತ, ಹಾಸನ ಸಕಲೇಶಪುರಗಳ ಮಾರ್ಗವಾಗಿ ಶಿರಾಡಿ ಘಾಟಿಯನ್ನಿಳಿದು ಮಂಗಳೂರಿಗೆ ಹೋಗಿ, ಮರುದಿನ ಅದೇ ಘಾಟಿಯನ್ನೇರಿ ಬೆಂಗಳೂರಿಗೆ ಹಿಂದಿರುಗಿದರು. ಹೋಗುವಾಗ ಇದ್ದ ಒಮ್ಮತ ಬರುವಾಗ ಉಳಿಯಲಿಲ್ಲ. ಇಬ್ಬರ ವಾದವೂ ಇಲ್ಲಿದೆ.

ಪರ: ಕಸದಿಂದ ರಸ

ಗುಂಡ್ಯವನ್ನು ದಾಟಿ, ಕೆಂಪುಹೊಳೆಯ ಸದ್ದನ್ನು ಕೇಳುತ್ತ ಘಾಟಿಯನ್ನೇರತೊಡಗಿದಾಗ, ಮಂಗಳೂರಿನ ಬಂದರಿನಿಂದ ಭಾರ ಹೊತ್ತು ಬಂದ ಲಾರಿಗಳ ಸಾಲೊಂದು ನರಳುತ್ತ, ಆಮೆಯ ನಡಿಗೆಯಲ್ಲಿ ನಮ್ಮ ಮುಂದೆ ಸಾಗಿತ್ತು. ಇಂಥ ಸ್ಥಳದಲ್ಲಿ ಸಾಧಾರಣ ಸಣ್ಣ ಕಾರನ್ನು ಓಡಿಸಿದವರೆಲ್ಲರೂ ಬಲ್ಲ ಸಂಕಟವೊಂದುಂಟು: ತಿರುವು ಕಳೆದು ಮುಂದಿನ ದಾರಿ ತೆರವಾಗಿ ಕಂಡ ಕ್ಷಣದಲ್ಲಿ ಗೇರನ್ನು ಮೂರರಿಂದ ಎರಡಕ್ಕಿಳಿಸಿ, ಎ.ಸಿ.ಯನ್ನು ಆರಿಸಿ, ಎಂಜಿನು ಅರಚುವಂತೆ ಆಕ್ಸಿಲರೇಟರನ್ನು ತುಳಿದರೂ, ಕಾರು ಮುಂದಕ್ಕೂ ಹೋಗದೆ ಹಿಂದಕ್ಕೂ ಬರಲಾಗದೆ ಲಾರಿಯ ಪಕ್ಕದಲ್ಲಿ ತ್ರಿಶಂಕುವಿನಂತೆ ಉಳಿದುಬಿಡುತ್ತದೆ. ನಮ್ಮ ಟರ್ಬೊ ಕಾರಿನಲ್ಲಿ ಹಾಗಾಗಲಿಲ್ಲ. ಮೂರನೆಯ ಗೇರಿನಲ್ಲಿಯೇ ಪಾದವನ್ನು ಸ್ವಲ್ಪ ಒತ್ತಿದೊಡನೆ, ಹಿಂದಿನಿಂದ ಯಾರೋ ಅಂಗೈಯಿಟ್ಟು ನೂಕಿದಂತೆ ಕಾರು ಮುಂದೆ ಸರಿಯಿತು; ಪಕ್ಕದಲ್ಲಿ ಕುಳಿತು ಹಳೆಯ ಕಥೆಯೊಂದನ್ನು ಹೇಳುತ್ತಿದ್ದ ನನ್ನ ಮಿತ್ರರು ಅದನ್ನು ನಡುವೆ ನಿಲ್ಲಿಸಬೇಕಾಗಲಿಲ್ಲ.

ಈ ಬಲದ ಮೂಲವೇನೆಂಬುದನ್ನು ವಿಚಾರಿಸಿದರೆ ಟರ್ಬೊ ಇತ್ತೀಚಿನ ಚಪಲವಲ್ಲವೆಂಬುದು ಗೊತ್ತಾಗುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರನು 1905ರಲ್ಲಿಯೇ ಇದರ ತತ್ತ್ವಕ್ಕೆ ಪೇಟೆಂಟ್ ಪಡೆದನು. ಎಂಜಿನಿನಲ್ಲಿ ಉರಿದ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದಂಶವು ಬಿಸಿ ಹೊಗೆಯಾಗಿ ವ್ಯರ್ಥವಾಗಿ ಹೊರಬೀಳುವುದಷ್ಟೆ. ಆ ಹೊಗೆಯಿಂದಲೇ ಒಂದು ಪುಟ್ಟ ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬಿದರೆ, ಹೆಚ್ಚಿದ ಗಾಳಿಗೆ ಹೆಚ್ಚಿನ ಇಂಧನ ಕೂಡಿ, ಚಿಕ್ಕ ಎಂಜಿನು ದೊಡ್ಡದರ ಕೆಲಸವನ್ನು ಮಾಡಬಲ್ಲುದು. ಕಸದಿಂದ ರಸ ತೆಗೆಯುವ ನಮ್ಮ ಮನೆವಾರ್ತೆಯ ನೀತಿಗೆ ಯಂತ್ರಲೋಕದಲ್ಲಿ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾನು ಕಾಣೆ.

ಅಂಕಿಗಳೂ ಇದನ್ನೇ ಹೇಳುತ್ತವೆ. 2020ರಲ್ಲಿ ಹೊಸ ರೂಪದಲ್ಲಿ ಬಂದ ಹ್ಯುಂಡೈ ಐ20 ಕಾರಿಗೆ ಎರಡು ಬಗೆಯ ಪೆಟ್ರೋಲ್ ಎಂಜಿನುಗಳಿದ್ದವು. 1.2 ಲೀಟರಿನ ಸಾಧಾರಣ ಎಂಜಿನಿಗೆ 83 ಅಶ್ವಶಕ್ತಿ. ತಿರುಗಿಸುವ ಬಲ, ಎಂದರೆ ಟಾರ್ಕ್, ಸುಮಾರು 115 ನ್ಯೂಟನ್ ಮೀಟರ್, ಅದೂ ನಿಮಿಷಕ್ಕೆ 4,200 ಸುತ್ತು ತಿರುಗಿದ ಮೇಲೆ. ಒಂದೇ ಲೀಟರಿನ ಟರ್ಬೊ ಎಂಜಿನಿಗೆ 120 ಅಶ್ವಶಕ್ತಿ. ಟಾರ್ಕ್ 172, ಅದೂ 1,500 ಸುತ್ತಿನಲ್ಲಿಯೇ ಕೈಗೆ ಬಂದು 4,000ದವರೆಗೆ ಬಿಡದೆ ನಿಲ್ಲುವಂಥದು. ಘಾಟಿಯಲ್ಲಿ ಗೇರು ಬದಲಾಯಿಸುವ ಶ್ರಮ ಏಕೆ ತಪ್ಪಿತೆಂಬುದು ಈ ಎರಡನೆಯ ಸಂಖ್ಯೆಯಲ್ಲಡಗಿದೆ.

ಬೆಂಗಳೂರಿನವರು ಮರೆಯುವ ಇನ್ನೊಂದು ಸಂಗತಿಯುಂಟು. ಈ ನಗರವು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮಡಿಕೇರಿ ಅದಕ್ಕಿಂತಲೂ ಮೇಲೆ. ಎತ್ತರಕ್ಕೇರಿದಂತೆಲ್ಲ ಗಾಳಿ ತೆಳುವಾಗುವುದರಿಂದ, ತಾನೇ ಗಾಳಿಯನ್ನೆಳೆದುಕೊಳ್ಳುವ ಸಾಧಾರಣ ಎಂಜಿನು ಇಲ್ಲಿ ತನ್ನ ಬಲದ ಹತ್ತನೆಯ ಒಂದಂಶವನ್ನು ಕಳೆದುಕೊಂಡೇ ಓಡಬೇಕು. ಅಂತೂ ಕಂಪನಿಯ ಪುಸ್ತಿಕೆಯಲ್ಲಿ ಅಚ್ಚಾದ ಅಶ್ವಗಳೆಲ್ಲ ನಮ್ಮ ಲಾಯಕ್ಕೆ ಬಂದು ಮುಟ್ಟುವುದೇ ಇಲ್ಲ. ತೆಳುವಾದ ಗಾಳಿಯನ್ನು ಒತ್ತಿ ದಟ್ಟವಾಗಿಸುವ ಟರ್ಬೊ ಈ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ.

ಇನ್ನು ಮಿತವ್ಯಯದ ಮಾತು. ಸಣ್ಣ ಕಾರೆಂದರೆ ಪೆಟ್ರೋಲಿಗಾದರೆ 1,200 ಘನ ಸೆಂಟಿಮೀಟರನ್ನು ಮೀರದ ಎಂಜಿನು, ನಾಲ್ಕು ಮೀಟರನ್ನು ಮೀರದ ಉದ್ದ, ಎಂಬುದು 2006ರಿಂದ ನಮ್ಮ ತೆರಿಗೆಯ ಅಳತೆಗೋಲು. 2025ರ ಸೆಪ್ಟೆಂಬರ್ 22ರಿಂದ ಈ ಅಳತೆಯೊಳಗಿನ ಪೆಟ್ರೋಲ್ ಕಾರಿಗೆ ಜಿ.ಎಸ್.ಟಿ. ಶೇಕಡಾ 18, ಅದನ್ನು ಮೀರಿದುದಕ್ಕೆ 40. ಶಾಸನವು ಗಾತ್ರವನ್ನು ಅಳೆಯುವಾಗ, ಗಾತ್ರವನ್ನು ಹೆಚ್ಚಿಸದೆ ಗುಣವನ್ನು ಹೆಚ್ಚಿಸುವ ಉಪಾಯ ಮಧ್ಯಮವರ್ಗದ ಕೈಗೆಟುಕುವುದು ಟರ್ಬೊವಿನಿಂದಲೇ. ನಿಧಾನವಾಗಿ ಓಡಿಸುವ ದಿನ ಅದು ಒಂದು ಲೀಟರಿನ ಚಿಕ್ಕ ಎಂಜಿನು. ಅವಶ್ಯಬಿದ್ದ ದಿನ ದೊಡ್ಡ ಎಂಜಿನು. ಹಗೇವಿನಲ್ಲಿಟ್ಟ ಧಾನ್ಯವನ್ನು ದಿನವೂ ತೆಗೆಯುವುದಿಲ್ಲವೆಂಬ ಕಾರಣಕ್ಕೆ ಹಗೇವನ್ನೇ ಮುಚ್ಚಿಬಿಡಿರೆಂದು ಯಾವ ರೈತನೂ ಹೇಳಲಾರನು.

ವಿರೋಧ: ಹತ್ತು ನಿಮಿಷದ ಬಲ

ನನ್ನ ಮಿತ್ರರು ಘಾಟಿಯಲ್ಲಿ ಗೆದ್ದಿದ್ದಾರೆ. ಅಲ್ಲಿ ಅವರೊಡನೆ ಕದನಕ್ಕಿಳಿಯುವ ಇಚ್ಛೆ ನನಗಿಲ್ಲ. ನಾನು ಕಥೆಯನ್ನು ನಿಲ್ಲಿಸಲಿಲ್ಲವೆಂಬುದೂ ಸತ್ಯವೇ. ಆದರೆ ಆಗ ನನ್ನ ಬಲಗಾಲು ಪಕ್ಕದ ಸೀಟಿನ ಮುಂದೆ ಇಲ್ಲದ ಬ್ರೇಕನ್ನು ಹುಡುಕುತ್ತಿತ್ತೆಂಬುದನ್ನು ಅವರು ಗಮನಿಸಲಿಲ್ಲ. ಮಂಗಳೂರಿನಿಂದ ಬೆಂಗಳೂರಿಗೆ ಅಂದು ನಮಗೆ ಎಂಟು ಗಂಟೆ ಹಿಡಿಯಿತು. ಅದರಲ್ಲಿ ಟರ್ಬೊವಿನ ಪೂರ್ಣಬಲವನ್ನು ನಾವು ನಿಜವಾಗಿ ಬಳಸಿದ ಕ್ಷಣಗಳನ್ನೆಲ್ಲ ಕೂಡಿಸಿ ನೋಡಿದೆನು; ಹತ್ತು ನಿಮಿಷವಾಗಲಿಲ್ಲ. ಉಳಿದ ಏಳು ಗಂಟೆ ಐವತ್ತು ನಿಮಿಷಗಳ ಕಥೆಯನ್ನು ಹೇಳುವುದು ನನ್ನ ಪಾಲಿಗೆ ಬಂದಿದೆ.

ಊಟಕ್ಕೆಂದು ಹೆದ್ದಾರಿಯನ್ನು ಬಿಟ್ಟು ಒಳದಾರಿಯನ್ನು ಹಿಡಿದಾಗ ಚಾಲನೆ ನನ್ನದಾಗಿತ್ತು. ಹಳ್ಳಿ ಬಂದಂತೆಲ್ಲ ಹಂಪು, ಬಣ್ಣವಿಲ್ಲದ್ದು, ಫಲಕವಿಲ್ಲದ್ದು. ಹಂಪನ್ನು ದಾಟಿ ಎರಡನೆಯ ಗೇರಿನಲ್ಲಿ ಪಾದವನ್ನೊತ್ತಿದರೆ ಕಾರು ಒಂದು ಗಳಿಗೆ ಕೇಳಿಸದವರಂತೆ ಸುಮ್ಮನಿದ್ದು, ಇನ್ನೂ ಒತ್ತಿದಾಗ ಥಟ್ಟನೆ ಮುನ್ನುಗ್ಗುವುದು. ಅಷ್ಟರಲ್ಲಿ ಮುಂದಿನ ಹಂಪು ಎದುರಿಗಿರುವುದು. ಇದು ಒಂದು ಕಾರಿನ ದೋಷವಲ್ಲ, ತತ್ತ್ವದಲ್ಲಿಯೇ ಇರುವ ದೋಷ. ಹೊಗೆಯಿಂದ ತಿರುಗಬೇಕಾದ ಚಕ್ರಕ್ಕೆ ಸಾಕಷ್ಟು ಹೊಗೆ ಒದಗುವವರೆಗೆ ಬಲವಿಲ್ಲ. ಎಂಜಿನು ನಿಧಾನವಾಗಿ ತಿರುಗುವಾಗ ಹೊಗೆಯೂ ಕಡಿಮೆ. ಮಿತ್ರರು ಹೊಗಳಿದ 1,500 ಸುತ್ತಿನ ಕೆಳಗೆ, ಎಂದರೆ ಪೇಟೆಯ ದಟ್ಟಣೆಯಲ್ಲಿ ನಾವು ಬಹುಕಾಲ ಕಳೆಯುವ ಸ್ಥಾನದಲ್ಲಿ, ಅದು ಬರಿಯ ಒಂದು ಲೀಟರಿನ ಎಂಜಿನು. ನಗರದ ಎತ್ತರದಿಂದ ಸಾಧಾರಣ ಎಂಜಿನು ಹತ್ತನೆಯ ಒಂದಂಶ ಬಲವನ್ನು ಕಳೆದುಕೊಳ್ಳಬಹುದು. ಆ ಕಾರಣದಿಂದ ಸಿಲ್ಕ್ ಬೋರ್ಡ್ ವೃತ್ತದಲ್ಲಿ ಯಾರಿಗಾದರೂ ತಡವಾದುದನ್ನು ನಾನು ಕೇಳಿಲ್ಲ.

ಕಸದಿಂದ ರಸವೆಂಬ ಮಾತು ಸೊಗಸಾಗಿದೆ. ಆದರೆ ರಸಕ್ಕೆ ಬೆಲೆ ಕೊಡಬೇಕಾಗುತ್ತದೆ. ಹೆಚ್ಚು ಗಾಳಿಯನ್ನು ತುಂಬಿದಾಗ ಹೆಚ್ಚು ಇಂಧನವನ್ನೂ ಸುರಿಯಬೇಕು. ಒತ್ತಡ ತೀವ್ರವಾದಾಗ ಬಿಸಿಯನ್ನಡಗಿಸಲು ಉರಿಯುವುದಕ್ಕೆ ಅಗತ್ಯವಾದುದಕ್ಕಿಂತಲೂ ಅಧಿಕ ಪೆಟ್ರೋಲನ್ನು ಎಂಜಿನು ಕುಡಿಯುವುದುಂಟು. ಘಾಟಿಯನ್ನೇರುವಾಗ ಮುಂದಿನ ಫಲಕದ ಮೈಲೇಜಿನ ಅಂಕಿ ಅರ್ಧಕ್ಕಿಳಿದುದನ್ನು ನಾವಿಬ್ಬರೂ ಕಂಡೆವು. ಮಿತ್ರರು ಆಗ ದೃಶ್ಯವನ್ನು ನೋಡುತ್ತಿದ್ದೆನೆಂದು ಹೇಳಿಕೊಳ್ಳಬಹುದು. ಮಿತವಾಗಿ ಓಡಿಸಿದರೆ ಆನಂದವಿಲ್ಲ, ಆನಂದಕ್ಕಾಗಿ ಓಡಿಸಿದರೆ ಮಿತವ್ಯಯವಿಲ್ಲ. ಎರಡನ್ನೂ ಒಂದೇ ಕಾಲಕ್ಕೆ ಕೊಡುವೆನೆಂಬ ಆಶ್ವಾಸನೆ ಕಾಗದದ ಮೇಲೆ ಮಾತ್ರ ನಿಲ್ಲತಕ್ಕದ್ದು.

ಪಾಲನೆಯ ಕಷ್ಟವನ್ನು ಅವರು ಪ್ರಸ್ತಾಪಿಸಲೇ ಇಲ್ಲ. ಈ ಪುಟ್ಟ ಚಕ್ರ ನಿಮಿಷಕ್ಕೆ ಲಕ್ಷ ಸುತ್ತಿಗೂ ಮೀರಿ, ಕೆಂಪಗೆ ಕಾಯಿಸುವಂಥ ಹೊಗೆಯ ನಡುವೆ, ಎಣ್ಣೆಯ ತೆಳುಪದರವೊಂದರ ಆಸರೆಯಲ್ಲಿ ತಿರುಗುತ್ತದೆ. ಎಣ್ಣೆ ಒಳ್ಳೆಯದಿರಬೇಕು, ಕಾಲಕ್ಕೆ ಸರಿಯಾಗಿ ಬದಲಾಗಬೇಕು, ಏರನ್ನು ಹತ್ತಿ ನಿಂತೊಡನೆ ಎಂಜಿನನ್ನು ಆರಿಸಬಾರದು. ಮನುಷ್ಯಸ್ವಭಾವ ಇಂಥ ವ್ರತಗಳನ್ನು ಎಷ್ಟು ಪಾಲಿಸೀತೆಂಬುದಕ್ಕೆ ಇತಿಹಾಸದಲ್ಲಿಯೇ ಪಾಠವಿದೆ. ಟರ್ಬೊ ಹೊತ್ತು ಮಾರುಕಟ್ಟೆಗೆ ಬಂದ ಮೊಟ್ಟಮೊದಲ ಕಾರುಗಳಲ್ಲೊಂದಾದ, 1962ರ ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರಿಗೆ ಪೆಟ್ರೋಲಲ್ಲದೆ ನೀರು ಮೆಥನಾಲುಗಳ ಮಿಶ್ರಣವೊಂದನ್ನೂ ಬೇರೆ ಪಾತ್ರೆಗೆ ತುಂಬಬೇಕಾಗಿತ್ತು. ಒಡೆಯರಲ್ಲಿ ಅನೇಕರು ಮರೆತರು. ಕೊನೆಗೆ ಕಂಪನಿಯೇ ಟರ್ಬೊವನ್ನು ಕಳಚಿ ಸಾಧಾರಣ ಕಾರ್ಬುರೇಟರನ್ನು ಹಾಕಿಕೊಡಬೇಕಾಯಿತು. ಇಂದಿನ ಯಂತ್ರಗಳು ಅಷ್ಟು ಕೋಮಲವಲ್ಲ. ಆದರೆ ಮರೆಯುವ ಒಡೆಯನು ಮಾತ್ರ ಬದಲಾಗಿಲ್ಲ, ತಾಲ್ಲೂಕು ಕೇಂದ್ರದ ಮೆಕ್ಯಾನಿಕ್ಕನ ಅಂಗಡಿಯಲ್ಲಿ ಟರ್ಬೊವಿನ ಬಿಡಿಭಾಗ ಸುಲಭವಾಗಿ ದೊರೆಯುವುದೂ ಇಲ್ಲ.

ಕೊಳ್ಳುವ ಜನವೂ ಈ ವಿಷಯದಲ್ಲಿ ಅರಿವುಗೇಡಿಗಳಲ್ಲ. 2017ರಲ್ಲಿ ಒಂದು ಲೀಟರಿನ ಟರ್ಬೊ ಹೊತ್ತು ಬಂದ ಬಲೆನೊ ಆರ್‌ಎಸ್ 2020ರಲ್ಲಿ ಮರೆಯಾಯಿತು. ಸಾಧಾರಣ ಎಂಜಿನಿನ ಬಲೆನೊ ಮಾತ್ರ ಬೀದಿಬೀದಿಯಲ್ಲಿ ಓಡುತ್ತಲೇ ಇದೆ. ಕಟ್ಟಕಡೆಗೆ ಸುರಕ್ಷತೆ. ವೇಗ ಇಮ್ಮಡಿಯಾದರೆ ಚಲನೆಯ ಶಕ್ತಿ ನಾಲ್ಮಡಿಯಾಗುವುದೆಂಬುದು ಶಾಲೆಯ ಪಾಠ. ಆ ಶಕ್ತಿಯನ್ನು ತಡೆಯಬೇಕಾದ ರಸ್ತೆ, ದನ, ದಾರಿಹೋಕ ಇವು ಯಾವುವೂ ಟರ್ಬೊ ಬಂದುದರಿಂದ ಬದಲಾಗಿಲ್ಲ. ಲಾರಿಯನ್ನು ಬೇಗ ದಾಟಬಲ್ಲವನು ದಾಟಬಾರದ ಕಡೆಯಲ್ಲಿಯೂ ದಾಟುವ ಧೈರ್ಯವನ್ನು ತಾಳುತ್ತಾನೆ. ಹಗೇವಿನ ಧಾನ್ಯ ತಾನಾಗಿ ಯಾರನ್ನೂ ಪ್ರಲೋಭಿಸದು. ಪಾದದಡಿಯ ಬಲ ಪ್ರಲೋಭಿಸುತ್ತದೆ.

ಆದುದರಿಂದ ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಷೋರೂಮಿನವರು ಕರೆದೊಯ್ಯುವ ಖಾಲಿ ರಸ್ತೆಯಲ್ಲಲ್ಲ, ನೀವು ದಿನವೂ ಹೋಗುವ ದಾರಿಯಲ್ಲಿ, ದಿನವೂ ಹೋಗುವ ಹೊತ್ತಿನಲ್ಲಿ, ಮನೆಮಂದಿಯನ್ನು ಕೂರಿಸಿಕೊಂಡು ಎರಡು ಬಗೆಯ ಎಂಜಿನುಗಳನ್ನೂ ಓಡಿಸಿ ನೋಡಿರಿ, ವರ್ಷಕ್ಕೆ ಎಷ್ಟು ಸಲ ಘಾಟಿಯನ್ನು ಹತ್ತುವಿರೆಂದು ಎಣಿಸಿರಿ. ವಾರವಾರವೂ ಘಾಟಿ ಹತ್ತಿಳಿಯುವ ಸಕಲೇಶಪುರದವರಾದರೆ ನನ್ನ ಮಿತ್ರರ ಮಾತನ್ನು ಕೇಳಿರಿ. ವರ್ಷಕ್ಕೊಮ್ಮೆ ಧರ್ಮಸ್ಥಳಕ್ಕೆ ಹೋಗಿಬರುವ ರಾಜಾಜಿನಗರದವರಾದರೆ ಸಾಧಾರಣ ಎಂಜಿನನ್ನೇ ಕೊಂಡು, ಲಾರಿಯ ಹಿಂದೆ ಹತ್ತು ನಿಮಿಷ ತಾಳಿರಿ.