ರಜೆಯಲ್ಲಿ ಬೆಟ್ಟ ಹತ್ತಿ, ಬಿಸಿಲೇರುವ ಮೊದಲೇ ಇಳಿಯಿರಿ

ರಜೆ ಬಂದೊಡನೆ ಸಿಂಧನೂರು, ಲಿಂಗಸುಗೂರು ಕಡೆಯ ಅನುಕೂಲಸ್ಥ ಕುಟುಂಬಗಳು ಕಾರು ಮಾಡಿಕೊಂಡು ಕೊಡೈಕೆನಾಲ್‌ಗೆ ಹೊರಡುವುದುಂಟು. ಕೆರೆಯ ಸುತ್ತ ಬಾಡಿಗೆ ಸೈಕಲ್ ತುಳಿದು ಮಕ್ಕಳು ನಲಿಯುತ್ತಾರೆ. ಊರಿಗೆ ಮರಳಿದ ಮೇಲೆ ಅದೇ ಮಕ್ಕಳು ಟಿ.ವಿ., ಮೊಬೈಲ್ ಮುಂದೆ ಕುಳಿತುಬಿಡುತ್ತಾರೆ. ವರ್ಷಕ್ಕೆ ನಾಲ್ಕು ದಿನದ ಈ ಓಡಾಟದಿಂದ ಆರೋಗ್ಯಕ್ಕೆ ಹೆಚ್ಚಿನ ಪ್ರಯೋಜನವಿಲ್ಲ.

ಬೆಟ್ಟ, ನೀರು ನಮ್ಮಲ್ಲೂ ಇವೆ. ಅಶೋಕನ ಹೆಸರುಳ್ಳ ಶಾಸನ 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯಲ್ಲಿ ಮಲ್ಲಿಕಾರ್ಜುನ ಬೆಟ್ಟವಿದೆ. ಸಮೀಪದ ಮಾರಲದಿನ್ನಿಯ ಬಳಿ ಮಸ್ಕಿ ನಾಲಾ ಜಲಾಶಯವಿದೆ. ಲಿಂಗಸುಗೂರು ತಾಲ್ಲೂಕಿನಲ್ಲಿ ಮುದಗಲ್ ಕೋಟೆಯಿದೆ, ಕೃಷ್ಣೆಯ ನಡುವೆ ಜಲದುರ್ಗವಿದೆ. ಸರ್ಕಾರ 2006-07ರಿಂದ ಹಲವು ವರ್ಷ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್ ನಿಮ್ಮ ಮನೆಯಲ್ಲೂ ತುಕ್ಕು ಹಿಡಿದಿರಬಹುದು. ಅದಕ್ಕೆ ಎಣ್ಣೆ ಬಿಟ್ಟು, ಬ್ರೇಕ್ ಸರಿಮಾಡಿಸಿ.

ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ, ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದ ರಜೆಗೆ ಮೂರು ವಾರ ಮೊದಲೇ ದಿನಾ ಅರ್ಧ ಗಂಟೆ ನಡೆಯಲು ಆರಂಭಿಸಿ. ವರ್ಷವಿಡೀ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು ಒಮ್ಮೆಲೇ ಬೆಟ್ಟದ ಮೆಟ್ಟಿಲು ಏರುವುದು ಅಪಾಯ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗ ಇರುವವರು ಮೊದಲು ವೈದ್ಯರನ್ನು ಕಾಣಬೇಕು. ಏರುವಾಗ ಮಾತನಾಡಲಾಗದಷ್ಟು ಏದುಸಿರು ಬಂದರೆ ಕುಳಿತುಕೊಳ್ಳಿ. ಎದೆ ಹಿಡಿದಂತಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ನಮ್ಮ ಸೀಮೆಯ ದೊಡ್ಡ ಶತ್ರು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಸೆಖೆಯಲ್ಲಿ ಕಲ್ಲುಬಂಡೆ ಹಂಚಿನಂತೆ ಕಾಯುತ್ತದೆ. ಇಂಥ ತಿರುಗಾಟಕ್ಕೆ ದಸರೆಯ ಅಥವಾ ಡಿಸೆಂಬರ್ ರಜೆಯೇ ಸರಿ. ಬೇಸಿಗೆಯಲ್ಲಾದರೆ ನಸುಕಿಗೆ ಹೊರಟು ಎಂಟು ಗಂಟೆಯೊಳಗೆ ಇಳಿದುಬಿಡಿ. ಬುತ್ತಿಗೆ ರೊಟ್ಟಿ, ಶೇಂಗಾ ಹಿಂಡಿಯ ಜೊತೆ ಮಜ್ಜಿಗೆ ಇರಲಿ. ಬೆವರು ಹರಿದು ನಿತ್ರಾಣವಾದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು ಬೆರೆಸಿ, ಸ್ವಲ್ಪಸ್ವಲ್ಪವಾಗಿ ಕುಡಿಸಿ. ಮೈ ಸುಡುತ್ತಾ ಮಾತು ತೊದಲಿದರೆ ಅದು ಬಿಸಿಲಾಘಾತ. ನೆರಳಿಗೆ ಒಯ್ದು, ಒದ್ದೆ ಬಟ್ಟೆ ಹಾಕಿ ಗಾಳಿ ಬೀಸುತ್ತಾ ಆಸ್ಪತ್ರೆಗೆ ಸಾಗಿಸಿ. ಎಚ್ಚರ ತಪ್ಪಿದವರಿಗೆ ನೀರು ಕುಡಿಸಬಾರದು.

ಸೈಕಲ್ಲಿಗೆ ಲಾರಿ ಓಡುವ ಹೆದ್ದಾರಿಗಿಂತ ಹಳ್ಳಿಯ ರಸ್ತೆ ಮೇಲು. ತುಂಗಭದ್ರಾ ಎಡದಂಡೆ ಕಾಲುವೆಯ ಏರಿಯ ಮೇಲೆ ಮಕ್ಕಳು ತುಳಿಯುವುದು ಬೇಡ, ಜಲಾಶಯದಲ್ಲಿ ಇಳಿಯುವುದೂ ಬೇಡ.

ಇನ್ನೊಂದು ಮಾತು. ಎಲ್ಲರ ಬುತ್ತಿ ಕಟ್ಟಿ ತಾನು ಮನೆಯಲ್ಲೇ ಉಳಿಯುವ ತಾಯಿಗೂ ರಜೆ ಬೇಕು. ಹಿಂದಿನ ರಾತ್ರಿಯೇ ಎಲ್ಲರೂ ಸೇರಿ ರೊಟ್ಟಿ ಬಡಿದರೆ ನಸುಕಿನಲ್ಲಿ ಆಕೆಯೂ ಬೆಟ್ಟ ಹತ್ತಬಹುದು.