ಜ್ವರ ಇಳಿದ ಮೇಲೆ

ಲೇಪಾಕ್ಷಿಯ ಸುತ್ತಿನ ಹಳ್ಳಿಗಳಲ್ಲಿ ಯಾರಿಗಾದರೂ ನಾಲ್ಕು ದಿನ ಜ್ವರ ಬಂದು, ಗಂಟಲು ನೊಂದು, ಮೈಮೇಲೆ ದದ್ದು ಎದ್ದು, ತಾನಾಗಿಯೇ ಇಳಿದರೆ ಅದರ ಕೀರ್ತಿ ಹಿಂದೂಪುರದ ಔಷಧದಂಗಡಿಯ ಎರಡು ಮಾತ್ರೆಗಳಿಗೆ ಸಲ್ಲುತ್ತದೆ. ಬಹುಪಾಲು ಜ್ವರಗಳ ಮಟ್ಟಿಗೆ ಇದರಿಂದ ಕೇಡೇನೂ ಇಲ್ಲ. ಆದರೆ ಎಚ್.ಐ.ವಿ. ಸೋಂಕು ತಗಲಿದ ಎರಡರಿಂದ ನಾಲ್ಕು ವಾರಗಳಲ್ಲಿ ಅನೇಕರಿಗೆ ಬರುವ ಜ್ವರವೂ ಹೀಗೆಯೇ ಬಂದು ಹೀಗೆಯೇ ಹೋಗುತ್ತದೆ.

ಆ ಜ್ವರವನ್ನು ಹೊತ್ತಿಸುವುದು ದೇಹದ ಸಹಜ ರೋಗನಿರೋಧಕ ಶಕ್ತಿ. ಹುಟ್ಟಿನಿಂದಲೇ ಬಂದ ಈ ಕಾವಲಿಗೆ ಶತ್ರುವಿನ ಪೂರ್ವಪರಿಚಯ ಬೇಕಿಲ್ಲ. ಕೆಲವು ಕಾವಲು ಕೋಶಗಳು ವೈರಾಣುವಿನ ಆರ್‌ಎನ್‌ಎಯನ್ನು ಗುರುತಿಸಿ ಇಂಟರ್‌ಫೆರಾನ್ ಎಂಬ ದ್ರವ್ಯವನ್ನು ಸ್ರವಿಸುತ್ತವೆ. ಅದು ತಲುಪಿದ ಕೋಶಗಳು ಆಯುಧ ಹೂಡುತ್ತವೆ. ಅಪೊಬೆಕ್-3ಜಿ ಎಂಬ ಪ್ರೋಟೀನು ವೈರಾಣುವಿನ ತಳಿಬರಹವನ್ನು ನಕಲಾಗುವಾಗಲೇ ಕೆಡಿಸುತ್ತದೆ. ಟೆಥರಿನ್ ಎಂಬುದು ಹೊಸದಾಗಿ ಹುಟ್ಟಿದ ವೈರಾಣುವನ್ನು, ಕರುವನ್ನು ಗೂಟಕ್ಕೆ ಬಿಗಿದಂತೆ, ಕೋಶದ ಹೊರಮೈಗೇ ಕಟ್ಟಿಹಾಕುತ್ತದೆ. ವೈರಾಣುವಾದರೋ ವಿಫ್ ಎಂಬ ಪ್ರೋಟೀನಿನಿಂದ ಮೊದಲನೆಯದನ್ನು ನಾಶಗೊಳಿಸಿ, ವಿಪಿಯು ಎಂಬುದರಿಂದ ಎರಡನೆಯದರ ಹಗ್ಗ ಬಿಚ್ಚಿಕೊಳ್ಳುತ್ತದೆ.

ಇದಕ್ಕಿಂತ ದಾರುಣವಾದುದು ಇನ್ನೊಂದಿದೆ. ಅಪಾಯದ ಸುಳಿವು ಸಿಕ್ಕಾಗ ಮನುಷ್ಯನ ಕೋಶಗಳಲ್ಲಿ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನು ಎಚ್ಚೆತ್ತು, ರಕ್ಷಣೆಗೆ ಬೇಕಾದ ಜೀನುಗಳನ್ನು ಎಬ್ಬಿಸುತ್ತದೆ. ಎಚ್.ಐ.ವಿ.ಯು ತನ್ನ ಜೀನುಗಳ ಹೊಸ್ತಿಲಲ್ಲಿಯೂ ಅದೇ ಪ್ರೋಟೀನಿಗೆ ಪೀಠಗಳನ್ನು ಹಾಕಿಟ್ಟಿದೆ. ಪಾಶ್ಚಾತ್ಯ ದೇಶಗಳಲ್ಲಿ ಹೆಚ್ಚಾಗಿರುವ ಬಿ ಉಪವರ್ಗದಲ್ಲಿ ಅಂಥ ಪೀಠಗಳು ಸಾಮಾನ್ಯವಾಗಿ ಎರಡು. ಭಾರತದಲ್ಲಿ ವ್ಯಾಪಿಸಿರುವ ಸಿ ಉಪವರ್ಗದಲ್ಲಿ ಮೂರು. ನಾಲ್ಕು ಪೀಠಗಳುಳ್ಳ ತಳಿಗಳೂ ಭಾರತದಲ್ಲಿ ತಲೆಯೆತ್ತಿರುವುದನ್ನು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಉದಯಕುಮಾರ್ ರಂಗ ಅವರ ತಂಡ 2012ರಲ್ಲಿ ಪ್ರಕಟಿಸಿತು. ಕಾವಲುಗಾರ ಬಾರಿಸಿದ ಗಂಟೆಗೆ ಕಳ್ಳನೇ ಎದ್ದು ಕೆಲಸಕ್ಕೆ ತೊಡಗಿದಂತಾಯಿತು.

ಆ ಗಂಟೆ ನಿಲ್ಲದಿರುವುದು ಮುಂದಿನ ಕೇಡು. ಆಫ್ರಿಕದ ಸೂಟಿ ಮ್ಯಾಂಗಬಿ ಕೋತಿಗಳು ಇದೇ ಕುಲದ ವೈರಾಣುವನ್ನು ರಕ್ತದಲ್ಲಿ ಹೊತ್ತೂ ಸಾಮಾನ್ಯವಾಗಿ ಕಾಯಿಲೆ ಬೀಳವು. ಅವುಗಳಲ್ಲಿ ಇಂಟರ್‌ಫೆರಾನಿನ ಮೊದಲ ಭರ ಕೆಲವೇ ವಾರಗಳಲ್ಲಿ ತಣಿಯುತ್ತದೆ. ಚಿಕಿತ್ಸೆ ಪಡೆಯದ ಮನುಷ್ಯನಲ್ಲಿ ಅದು ವರ್ಷಗಟ್ಟಲೆ ಒಳಗೊಳಗೇ ಹೊಗೆಯಾಡುತ್ತ ಸಿಡಿ4 ಕೋಶಗಳನ್ನು ಸವೆಸುತ್ತದೆ.

ಜ್ವರದ ಆ ದಿನಗಳಲ್ಲಿ ರಕ್ತದ ತುಂಬ ವೈರಾಣು. ಇತರರಿಗೆ ಹರಡುವ ಸಂಭವವೂ ಆಗಲೇ ಹೆಚ್ಚು. ಆದರೂ ಪ್ರತಿಕಾಯಗಳನ್ನು ಹುಡುಕುವ ಪರೀಕ್ಷೆ ಆಗ ‘ಇಲ್ಲ’ ಎನ್ನಬಹುದು. ಪ್ರತಿಕಾಯಗಳು ನಿಧಾನವಾಗಿ ಕಲಿತು ಬರುವ ಇನ್ನೊಂದು ಪಡೆಯವು. ಆದುದರಿಂದ ಅನುಮಾನಕ್ಕೆ ಕಾರಣವಿದ್ದವರು ಮೂರು ತಿಂಗಳು ತುಂಬಿದ ಮೇಲೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸೋಂಕಿಗೆ ಒಡ್ಡಿಕೊಂಡು 72 ಗಂಟೆ ಕಳೆದಿಲ್ಲವಾದರೆ, ವೈದ್ಯರು ಕೊಡುವ ಔಷಧವನ್ನು 28 ದಿನ ಸೇವಿಸಿ ಅದನ್ನು ತಡೆಯುವ ದಾರಿಯೂ ಇದೆ. ಸೋಂಕು ದೃಢಪಟ್ಟವರೆಲ್ಲರಿಗೂ, ಸಿಡಿ4 ಎಣಿಕೆ ಎಷ್ಟೇ ಇರಲಿ, ಚಿಕಿತ್ಸೆ ಆರಂಭಿಸಬೇಕೆಂಬ ನೀತಿ ದೇಶದಲ್ಲಿ 2017ರಿಂದ ಜಾರಿಯಲ್ಲಿದೆ. ಸರ್ಕಾರಿ ಕೇಂದ್ರಗಳಲ್ಲಿ ಔಷಧಕ್ಕೆ ಹಣ ಕೊಡಬೇಕಾಗಿಲ್ಲ. ಮಾತನಾಡಲು ಸಂಕೋಚವಿದ್ದವರಿಗೆ 1097ರ ಉಚಿತ ದೂರವಾಣಿ ಇದೆ.